ಅರ್ಧ ಡಾಕ್ಟರು

ನನ್ನ ಪರೀಕ್ಷೆ ಮುಂದಕ್ಕೆ ಹಾಕಿಸಲು ಅಜ್ಜಿಗೆ ಒಂದು ಸುಲಭದ ದಾರಿ ಹೊಳೆದಿದೆ. ನಮ್ಮ ಮನೆ ಬನಶಂಕರಿ 2ನೇ ಹಂತದಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಜಯನಗರ 4ನೇ ಟಿ ಬ್ಲಾಕಿನಲ್ಲಿ. "ಪಕ್ಕದಲ್ಲೇ ಇದೆಯಲ್ಲೇ, ಆಟೋ ಹತ್ತಿ ಹೋಗು, ಮನೇಲಿ ಮದುವೆ ಇದೆ ಅಂತ ಹೇಳಿ ಬಾ" ಎನ್ನುತ್ತಾಳೆ. 1996ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಬೀದರಿನಿಂದ ಚಾಮರಾಜನಗರದವರೆಗೂ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ ಓದುವವರಿಗೆಲ್ಲ ಪರೀಕ್ಷೆ ನಡೆಸುತ್ತದೆ ಅಜ್ಜಿ ಎಂದರೆ ಅವಳ ಧೈರ್ಯ ಇನ್ನೂ ಹೆಚ್ಚುತ್ತದೆ: "ಅಷ್ಟು ಜನರ ಮನೇಲೂ ಮದುವೆ ಇರಲ್ವಾ?"

ಇರುತ್ತದೆ. ವೇಳಾಪಟ್ಟಿ ಬರೆಯುವವರು ಒಂಟಿಕೊಪ್ಪಲ್ ಪಂಚಾಂಗ ನೋಡುವುದಿಲ್ಲ, ಅಷ್ಟೆ. ಥಿಯರಿಗೆ ಶೇಕಡಾ 75, ಪ್ರಾಕ್ಟಿಕಲ್‌ಗೆ ಶೇಕಡಾ 80 ಹಾಜರಿ ಇರಲೇಬೇಕು. ಹೀಗಾಗಿ ವರಪೂಜೆ, ಬೀಗರೂಟ ಬಿಟ್ಟು ಮುಹೂರ್ತಕ್ಕೆ ಮಾತ್ರ ಹೋಗಿ ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲೇ ಉಂಡು ಓಡಿಬರುವುದನ್ನು ಕಲಿತಿದ್ದೇನೆ. ಆದರೆ ಛತ್ರದಲ್ಲಿ ಸಿಕ್ಕಿಬಿದ್ದರೆ ಮುಗಿಯಿತು. ಎರಡನೇ ವರ್ಷದವಳು ನಾನು, ಅರ್ಧ ಡಾಕ್ಟರು. ಮೊಬೈಲಿನಲ್ಲಿ ಲಿಪಿಡ್ ಪ್ರೊಫೈಲ್ ತೋರಿಸದ ದೊಡ್ಡಪ್ಪನಿಲ್ಲ. ಬೇಗ ಹೊರಟರೆ ತಾತನ ಬಾಣ ಸಿದ್ಧ: "ರಾಶಿಯವರು ರೋಗಿಗಳನ್ನೂ ನೋಡಿಕೊಂಡು ಕೊರವಂಜಿನೂ ನಡೆಸಿದರಮ್ಮ. ನಿನಗೆ ಊಟಕ್ಕೆ ಕೂತ್ಕೊಳ್ಳೋಕೆ ಪುರುಸೊತ್ತಿಲ್ಲ." ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಆ ಹಾಸ್ಯಪತ್ರಿಕೆ ಶುರುಮಾಡಿದಾಗ ಆಗಲೇ ಪೂರ್ತಿ ಡಾಕ್ಟರಾಗಿದ್ದರು, ಪ್ಯಾಥಾಲಜಿ ಇಂಟರ್ನಲ್ಸ್ ಇರಲಿಲ್ಲ ಎಂದು ತಾತನಿಗೆ ಎದುರಾಡುವುದು ಹೇಗೆ?

ಅಜ್ಜಿಯ ಕಾಲು ಒತ್ತುವುದು ನನ್ನ ಇನ್ನೊಂದು ಕೆಲಸ. ಒಂದು ರಾತ್ರಿ ಪಾದದ ಗಂಟಿನ ಹತ್ತಿರ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯಿತು. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದಳು. ಆ ಮಾತ್ರೆ ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ಅಷ್ಟರಮಟ್ಟಿಗೆ ಅಭಿಧಮನಿಗಳು ಸಡಿಲವಾಗುವುದಿಲ್ಲ. ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ; ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೂ ಆ ಊತ ಅಷ್ಟಾಗಿ ಇಳಿಯುವುದಿಲ್ಲ. ಓದಿದ್ದೆಲ್ಲ ನೆನಪಾಗಿ ಖುಷಿಯಾಯಿತು. ಹೃದಯ, ಕಿಡ್ನಿ ಕೂಡ ನೋಡಬೇಕಾದದ್ದರಿಂದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಅವರು ಮಾತ್ರೆ ಬದಲಿಸಿದರು. ಇಂಟರ್ನಲ್ಸ್‌ನಲ್ಲಿ ಮಾತ್ರ ಅಮ್ಲೋಡಿಪಿನ್ ಬರಲೇ ಇಲ್ಲ, ಮಲೇರಿಯಾ ಔಷಧಿಗಳು ಬಂದವು. ಅವನ್ನು ಆ ವಾರ ಓದಿರಲಿಲ್ಲ.

ಇಷ್ಟಾದರೂ ನನ್ನದು ಅಂಥ ಕಷ್ಟವೇನಲ್ಲ ಎನ್ನಿಸುವುದು ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಗೆಳೆಯನನ್ನು ನೋಡಿದಾಗ. ಕಲಬುರಗಿ ಕಡೆಯವನು. ಒಂದೇ ಮಂಚ, ಒಂದೇ ಮೇಜು, ಕರೆಯಲು ಅಜ್ಜಿಯಿಲ್ಲ, ಛತ್ರವಿಲ್ಲ. ಓದಲು ಇಪ್ಪತ್ನಾಲ್ಕು ಗಂಟೆ ಅವನದೇ ಎಂದು ಹೊಟ್ಟೆಕಿಚ್ಚುಪಟ್ಟಿದ್ದೆ. ಆದರೆ ಅವನ ಫೋನು ಬೆಳಿಗ್ಗೆ ಐದೂವರೆಗೇ ಹೊಡೆದುಕೊಳ್ಳುತ್ತದೆ: "ತಮ್ಮಾ, ಮೆಜೆಸ್ಟಿಕ್‌ನ್ಯಾಗ ಇಳದೀವಿ. ನೀ ಎಲ್ಲಿದ್ದಿ?"

ಕ್ಯಾನ್ಸರಿಗೆ ಕಿದ್ವಾಯಿ, ನರಕ್ಕೂ ಮನಸ್ಸಿಗೂ ನಿಮ್ಹಾನ್ಸ್, ಮಕ್ಕಳಿಗೆ ಇಂದಿರಾ ಗಾಂಧಿ ಆಸ್ಪತ್ರೆ, ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ. ರಾಜ್ಯದ ದೊಡ್ಡ ಕಾಯಿಲೆಗಳೆಲ್ಲ ಬಂದು ಇಳಿಯುವುದು ನಮ್ಮ ದಕ್ಷಿಣ ಬೆಂಗಳೂರಿನ ಈ ನಾಲ್ಕೈದು ಮೈಲಿಯಲ್ಲಿ. ಊರಿಗೆ ಒಬ್ಬನೇ ಮೆಡಿಕಲ್ ಹುಡುಗ ಇವನು. ಒಪಿಡಿ ಚೀಟಿ ಮಾಡಿಸುವವನು, ರಿಪೋರ್ಟ್ ಓದಿ ಹೇಳುವವನು, ರೇಷನ್ ಕಾರ್ಡಿನ ಜೆರಾಕ್ಸ್ ಹೊಂದಿಸುವವನು ಅವನೇ. ಕಿದ್ವಾಯಿ ಸಾಲಿನಲ್ಲಿ ನಿಂತೇ ಮೈಕ್ರೋಬಯಾಲಜಿ ತಿರುವಿಹಾಕುತ್ತಾನೆ. ಪಕ್ಕದಲ್ಲಿ ದವಡೆ ಊದಿದ, ಬಾಯಿ ಎರಡು ಬೆರಳು ತೆರೆಯಲಾಗದ ಮನುಷ್ಯ. ಅಡಿಕೆ, ತಂಬಾಕಿನ ಪಾಠ ಪುಸ್ತಕದಲ್ಲಿ ಎಷ್ಟನೇ ಪುಟದಲ್ಲಿದೆ ಎಂಬುದು ಅಲ್ಲಿ ನೆನಪಾದರೆ ನಾಚಿಕೆಯಾಗುತ್ತದಂತೆ. "ಮುಂದಿನ ತಿಂಗಳು ಬರ್ರಿ, ಪರೀಕ್ಷಾ ಅದ ಅಂತ ಗಂಟಲ ಕ್ಯಾನ್ಸರಿಗೆ ಹೆಂಗ ಹೇಳೂದು?" ಎಂದ ಒಮ್ಮೆ.

ಮೊಬೈಲ್ ಸೈಲೆಂಟ್ ಮಾಡಿ, 'ಇಲ್ಲ' ಎನ್ನುವುದನ್ನು ಕಲಿಯಿರಿ ಎಂದು ಬುದ್ಧಿ ಹೇಳುವ ರ‍್ಯಾಂಕ್ ವೀರರ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಅವರಿಗೆ ಊರೇ ಇರಲಿಲ್ಲವೇನೋ. ಇಲ್ಲಿ ದಿನವೂ ಯಾರಾದರೊಬ್ಬರಿಗೆ ಬೇಸರವಾಗುವುದು ಖಚಿತ. ಯಾರಿಗೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಎಷ್ಟೋ ದಿನ ಪ್ಯಾಥಾಲಜಿಗೇ ಬೇಸರ ಮಾಡುತ್ತೇನೆ, ಅದು ಎದುರು ಮಾತಾಡುವುದಿಲ್ಲ.

ಈಗ ಮತ್ತೆ ಸೋಮವಾರ ಅವನ ಊರಿನವರು ಬರುತ್ತಿದ್ದಾರೆ, ಮಂಗಳವಾರ ಮೈಕ್ರೋಬಯಾಲಜಿ. ಅವನಿಗೆ ಅದರಲ್ಲಿ ಒಂದು ಅಧ್ಯಾಯವೂ ಮುಗಿದಿಲ್ಲ, ನನಗೆ ಪ್ಯಾರಸೈಟ್‌ಗಳಷ್ಟೇ ಬಾಕಿ. ಭಾನುವಾರ ನಮ್ಮ ಮನೆಯಲ್ಲಿ ಇಬ್ಬರೂ ಕೂತು ಓದುವುದು, ಸೋಮವಾರ ಬೆಳಿಗ್ಗೆಯ ಸಾಲಿಗೆ ನಾನು ನಿಲ್ಲುವುದು ಎಂದು ತೀರ್ಮಾನವಾಗಿದೆ. ಅಮ್ಮ ಮುಖ ಊದಿಸಿಕೊಂಡಿದ್ದಾಳೆ. ಅಜ್ಜಿ ಮಾತ್ರ, ಬರುವವರು ಎಷ್ಟು ಜನ, ಚಪಾತಿಯೋ ರೊಟ್ಟಿಯೋ, ಖಾರ ತಿನ್ನಬಹುದೋ ಎಂದು ಕೇಳುತ್ತಿದ್ದಾಳೆ. ಬಾಯಿ ತೆರೆಯಲು ಆಗದವರಿದ್ದರೆ ಗಂಜಿ ಎಂದೆ. "ಅದನ್ನ ಮೊದಲೇ ಹೇಳಬಾರದಾ" ಎಂದು ಅಕ್ಕಿ ನುಚ್ಚು ಹುಡುಕಲು ಎದ್ದಳು.