ವಿಳಾಸದ ಪದಚ್ಛೇದ

ನಿಮ್ಮ ವೃತ್ತಿಯನ್ನು ಕುರಿತು ಈ ಸಂಪುಟಕ್ಕೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನನಗೆ ಕೊಂಚ ಸಂಕೋಚವಾದುದು ನಿಜ. ವೈದ್ಯರೂ ಅಧ್ಯಾಪಕರೂ ಆಗಿರುವ ನನ್ನ ಸಹಪಾಠಿಗಳಿಗೆ ಹೇಳಿಕೊಳ್ಳಲು ಬೇಕಾದಷ್ಟು ಉಂಟು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು, ಅದರಲ್ಲಿಯೂ ಹಲವು ವರ್ಷಗಳಿಂದ ಈಮೇಲ್ ವಿಳಾಸಗಳನ್ನು ಓದಿಸುವ ಕೆಲಸದಲ್ಲಿಯೇ ತೊಡಗಿರುವವನು, ಏನನ್ನು ತಾನೆ ಬರೆದಾನು? ಆದರೆ ಈ ಸಂಪುಟವನ್ನು ಕೈಗೆತ್ತಿಕೊಳ್ಳುವ ಹಳೆಯ ವಿದ್ಯಾರ್ಥಿಗಳನ್ನೂ ದಾನಿಗಳನ್ನೂ ಶಾಲೆಯು ಇಂದು ತಲಪುವುದು ಬಹುಮಟ್ಟಿಗೆ ಆ ವಿಳಾಸಗಳ ಮೂಲಕವೇ. ಆದುದರಿಂದ ವಿಷಯವು ತೀರ ಪರಕೀಯವಾಗಲಾರದೆಂದು ನಂಬಿ ಬರೆಯುತ್ತಿದ್ದೇನೆ.

ಕಾಗದದ ಮೇಲಿನ ವಿಳಾಸವನ್ನು ಓದುವವನು ಮನುಷ್ಯ. ಊರಿನ ಹೆಸರು ತಪ್ಪಿದ್ದರೂ, ಮನೆಯ ನಂಬರು ಅಳಿಸಿಹೋಗಿದ್ದರೂ, ನಮ್ಮೂರಿನ ಅಂಚೆಯಣ್ಣ ಕಾಗದವನ್ನು ಹೇಗೋ ಮುಟ್ಟಿಸುತ್ತಿದ್ದ. ಯಂತ್ರಕ್ಕೆ ಈ ಅಂತಃಕರಣವಿಲ್ಲ. ಅದರ ಕಣ್ಣಿಗೆ ವಿಳಾಸವೆಂದರೆ ಒಂದರ ಪಕ್ಕದಲ್ಲೊಂದು ನಿಂತ ಅಕ್ಷರಗಳ ಸಾಲು, ಅಷ್ಟೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಇಂಜಿನಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದಾಗ, ಬಳಕೆದಾರನ ಹೆಸರನ್ನೂ ಕಂಪ್ಯೂಟರಿನ ಹೆಸರನ್ನೂ ಬೇರ್ಪಡಿಸಲು @ ಚಿಹ್ನೆಯನ್ನು ಆರಿಸಿಕೊಂಡರು. ಯಾರ ಹೆಸರಿನಲ್ಲಿಯೂ ಬಾರದ ಚಿಹ್ನೆ ಅದು. ಅಂದಿನ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

1982ರಲ್ಲಿ ಡೇವಿಡ್ ಕ್ರಾಕರ್ ಅವರು ಸಿದ್ಧಪಡಿಸಿದ ನಿಯಮಾವಳಿ ಹೊರಬಂದ ಮೇಲೆ ವಿಳಾಸಕ್ಕೆ ಒಂದು ವ್ಯಾಕರಣವೇ ಉಂಟಾಯಿತು. ಅದು ಉದಾರವಾದ ವ್ಯಾಕರಣ. ವಿಳಾಸದ ನಡುವೆ ಕಂಸದೊಳಗೆ ಟಿಪ್ಪಣಿ ಬರೆಯಬಹುದು. ಆ ಕಂಸದೊಳಗೆ ಇನ್ನೊಂದು ಕಂಸವೂ ಇರಬಹುದು. ಉದ್ಧರಣ ಚಿಹ್ನೆಗಳ ಒಳಗಾದರೆ ಹೆಸರಿನ ಭಾಗದಲ್ಲಿ ಖಾಲಿ ಸ್ಥಳ ಬರಬಹುದು, @ ಕೂಡ ಬರಬಹುದು! ಈ ವ್ಯಾಕರಣವನ್ನು ಒಂದೇ ಸೂತ್ರದಲ್ಲಿ ಹಿಡಿದಿಡಲು ಪರ್ಲ್ ಭಾಷೆಯಲ್ಲಿ ನಡೆದ ಪ್ರಯತ್ನವೊಂದು 6000 ಅಕ್ಷರಗಳನ್ನು ಮೀರಿತು. ಅಷ್ಟು ಉದ್ದವಾದರೂ ಕಂಸದ ಟಿಪ್ಪಣಿಗಳನ್ನು ಮೊದಲೇ ತೆಗೆದುಹಾಕಿಕೊಟ್ಟರೆ ಮಾತ್ರ ಅದು ನಡೆಯುತ್ತದೆ. ಪಾಣಿನಿಯ ದೇಶದವರಾದ ನಮಗೆ ಇಂಥ ಸೂತ್ರವನ್ನು ಕಂಡು ನಗು ಬಂದರೆ ತಪ್ಪೇನೂ ಇಲ್ಲ.

ಅಕ್ಷರಗಳ ಸಾಲನ್ನು ವ್ಯಾಕರಣಕ್ಕನುಸಾರವಾಗಿ ಬಿಡಿಸುವುದನ್ನು ನಮ್ಮ ಕಸುಬಿನಲ್ಲಿ ಪಾರ್ಸಿಂಗ್ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಅದನ್ನು ಪದಚ್ಛೇದವೆಂದೇ ಕರೆಯುತ್ತ ಬಂದಿದ್ದೇನೆ. ಹಳಗನ್ನಡ ಪದ್ಯವನ್ನು ಅನ್ವಯಕ್ಕೆ ತರುವ ಮುನ್ನ ಪದಗಳನ್ನು ಬಿಡಿಸಿ ಬರೆದುಕೊಳ್ಳಬೇಕೆಂದೂ, ಒಮ್ಮೆ ಬಿಡಿಸಿಯಾದ ಮೇಲೆ ಆ ವಿಭಾಗವನ್ನೇ ಕೊನೆಯವರೆಗೆ ಇಟ್ಟುಕೊಳ್ಳಬೇಕೆಂದೂ ನಮ್ಮ ಕನ್ನಡ ಪಂಡಿತರು ಹೇಳುತ್ತಿದ್ದರು. ಒಬ್ಬ ಇಲ್ಲಿ, ಇನ್ನೊಬ್ಬ ಅಲ್ಲಿ ಪದವನ್ನು ಕತ್ತರಿಸಿದರೆ ಪದ್ಯ ಒಂದೇ ಆಗಿದ್ದರೂ ಅರ್ಥ ಎರಡಾಗುತ್ತದೆ. ತರಗತಿಯಲ್ಲಿ ಇದರಿಂದ ಆಗುತ್ತಿದ್ದ ನಷ್ಟ ಎರಡು ಅಂಕ ಮಾತ್ರ. ಕಂಪ್ಯೂಟರುಗಳ ಲೋಕದಲ್ಲಿ ಹಾಗಲ್ಲ.

ಫ್ರಾನ್ಸ್ ದೇಶದ ಸರಕಾರ 2019ರಲ್ಲಿ ತನ್ನ ಅಧಿಕಾರಿಗಳಿಗೋಸ್ಕರ ಟ್ಚಾಪ್ ಎಂಬ ಸಂದೇಶ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಸರಕಾರಿ ವಿಳಾಸವುಳ್ಳವರಿಗೆ ಮಾತ್ರ ಅದರಲ್ಲಿ ಪ್ರವೇಶ. ಅದೇ ಏಪ್ರಿಲ್ ತಿಂಗಳಲ್ಲಿ ಭದ್ರತಾ ಸಂಶೋಧಕರೊಬ್ಬರು ತಮ್ಮ ಖಾಸಗಿ ವಿಳಾಸದ ಕೊನೆಗೆ ಮತ್ತೆ @ ಹಾಕಿ ಅಧ್ಯಕ್ಷರ ಕಚೇರಿಯ ಹೆಸರನ್ನು ಜೋಡಿಸಿದರು. ‘ಅತಿಥಿ@ಹೊರಮನೆ@ಅರಮನೆ’ ಎಂಬಂತೆ ಎಂದಿಟ್ಟುಕೊಳ್ಳೋಣ. ಬಾಗಿಲಲ್ಲಿ ನಿಂತು ಪರೀಕ್ಷಿಸುವ ಭಾಗ ಇಡೀ ಸಾಲಿನ ಕೊನೆಯನ್ನು ನೋಡಿ, ಇವರು ಅರಮನೆಯವರೆಂದು ಒಪ್ಪಿತು. ಖಾತರಿಪತ್ರವನ್ನು ಕಳುಹಿಸುವ ಭಾಗ ಪೈಥಾನ್ ಭಾಷೆಯ ಲೈಬ್ರರಿಯಲ್ಲಿದ್ದ ಹಳೆಯ ಉಪಕರಣವೊಂದನ್ನು ಅವಲಂಬಿಸಿತ್ತು. ಅದು ಎರಡನೆಯ @ ಬಂದೊಡನೆ ಓದನ್ನು ನಿಲ್ಲಿಸಿ, ಉಳಿದುದನ್ನು ಸದ್ದಿಲ್ಲದೆ ಬಿಟ್ಟು, ಪತ್ರವನ್ನು ಹೊರಮನೆಗೆ ರವಾನಿಸಿತು. ಸಂಶೋಧಕರು ಒಳಗೆ ಬಂದರು. ಸಜ್ಜನರಾದುದರಿಂದ ವಿಷಯವನ್ನು ತಿಳಿಸಿದರು, ದೋಷವೂ ಬೇಗನೆ ಪರಿಹಾರವಾಯಿತು. ಇಲ್ಲಿ ಯಾರೂ ಬೀಗ ಒಡೆಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಂದೇ ಸಾಲನ್ನು ಇಬ್ಬರು ಎರಡು ಬಗೆಯಾಗಿ ಓದಿದರು. ಆ ಎರಡು ಓದುಗಳ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ನುಸುಳಿದ.

ಲೈಬ್ರರಿಯೆಂದರೆ ಪ್ರೋಗ್ರಾಂ ಬರೆಯುವವರೆಲ್ಲ ಬಳಸಲೆಂದು ಮೊದಲೇ ಸಿದ್ಧಮಾಡಿಟ್ಟ ಉಪಕರಣಗಳ ಭಂಡಾರ. ಪೈಥಾನಿನ ಆ ಹಳೆಯ ಉಪಕರಣದ ತೊಡಕನ್ನು 2019ರಲ್ಲಿ ಸರಿಪಡಿಸಲಾಯಿತು. 2024ರ ಆವೃತ್ತಿಯಿಂದ ಅದರ ಓದು ಇನ್ನಷ್ಟು ಬಿಗಿಯಾಗಿದೆ. ಆದರೆ ನನಗೆ ಹೆಚ್ಚು ಹಿಡಿಸಿದುದು ಅದೇ ಭಂಡಾರಕ್ಕೆ 2012ರ ಆವೃತ್ತಿಯಲ್ಲಿ ಸೇರಿದ ಬೇರೊಂದು ಮಾರ್ಗ. ಅಲ್ಲಿ ವಿಳಾಸವು ಅಕ್ಷರಗಳ ಸಾಲಾಗಿ ಉಳಿಯುವುದಿಲ್ಲ, ಒಂದು ವಸ್ತುವಾಗುತ್ತದೆ. ನಮ್ಮವರು ಆಬ್ಜೆಕ್ಟ್ ಎನ್ನುವುದು ಇದನ್ನೇ. ತೋರುವ ಹೆಸರು, @ ಚಿಹ್ನೆಯ ಹಿಂದಿನ ಭಾಗ, ಮುಂದಿನ ಭಾಗ, ಇವು ಮೂರೂ ಅದರಲ್ಲಿ ಬೇರೆಬೇರೆ ಅರೆಗಳಲ್ಲಿರುತ್ತವೆ. ಒಮ್ಮೆ ತುಂಬಿದ ಅರೆಯನ್ನು ಆಮೇಲೆ ಯಾರೂ ತಿದ್ದುವಂತಿಲ್ಲ. ಎರಡು @ ಇರುವ ಸಾಲನ್ನು ಕೊಟ್ಟರೆ ಅದು ಉಳಿದುದನ್ನು ನುಂಗಿಕೊಳ್ಳುವುದಿಲ್ಲ; ಇಷ್ಟನ್ನು ಮಾತ್ರ ಓದಲು ಸಾಧ್ಯವಾಯಿತು ಎಂದು ತಿಳಿಸಿ ವಿಳಾಸವನ್ನೇ ತಿರಸ್ಕರಿಸುತ್ತದೆ. ಪದಚ್ಛೇದ ಬಾಗಿಲಲ್ಲಿ ಒಮ್ಮೆ ನಡೆಯುತ್ತದೆ. ಒಳಗಿರುವವರು ಮತ್ತೆ ತಮತಮಗೆ ತೋರಿದಂತೆ ಕತ್ತರಿಸುವ ಪ್ರಸಂಗವೇ ಬರುವುದಿಲ್ಲ.

ಇದೆಲ್ಲ ದೂರದ ಮಾತೆಂದು ಭಾವಿಸಬೇಕಾಗಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳ ಸಮ್ಮೇಳನವೊಂದರ ಕರೆಯೋಲೆಗಳನ್ನು ಹೊರಗಿನ ಸಂಸ್ಥೆಯೊಂದರ ಮೂಲಕ ಕಳುಹಿಸಲಾಗಿತ್ತು. ಅವರ ಪ್ರೋಗ್ರಾಂ ಅಲ್ಪವಿರಾಮ ಕಂಡಲ್ಲೆಲ್ಲ ಸಾಲನ್ನು ಕತ್ತರಿಸುತ್ತಿತ್ತು. ನಮ್ಮ ಕಡೆಯ ಹಿರಿಯರು ಹೆಸರು ಬರೆಯುವ ಕ್ರಮ ಎಲ್ಲರಿಗೂ ಗೊತ್ತಿದ್ದುದೇ: ಮೊದಲು ಪಾಟೀಲ, ಆಮೇಲೆ ಅಲ್ಪವಿರಾಮ, ಅನಂತರ ಚುಕ್ಕೆಗಳೊಡನೆ ಇನಿಷಿಯಲ್ಲುಗಳು. ‘ಪಾಟೀಲ’ ಎಂಬ ತುಂಡಿನಲ್ಲಿ @ ಇಲ್ಲವೆಂದು ಯಂತ್ರ ಆ ಸಾಲನ್ನೇ ಕೈಬಿಟ್ಟಿತು. ನಮಗೆ ಗಣಿತ ಕಲಿಸಿದ ನಿವೃತ್ತ ಗುರುಗಳೊಬ್ಬರು ಸಮ್ಮೇಳನ ಮುಗಿದ ವಾರದಲ್ಲಿ ನನ್ನನ್ನು ಕಂಡು, “ನನಗೆ ಕಾಗದ ಬರಲೇ ಇಲ್ಲವಲ್ಲಪ್ಪಾ, ಮುದುಕನ್ನ ಮರೆತಿರೇನು?” ಎಂದರು. ಅಲ್ಪವಿರಾಮದ ವೃತ್ತಾಂತವನ್ನು ಅವರ ಮುಂದೆ ಹೇಗೆ ನಿವೇದಿಸುವುದು? ನಮಸ್ಕರಿಸಿ, ಮುಂದಿನ ಬಾರಿ ನಾನೇ ಬಂದು ಕರೆಯುತ್ತೇನೆಂದೆ.

ಇನಿಷಿಯಲ್ಲಿನ ಚುಕ್ಕೆಯ ಕಥೆಯೂ ಸ್ವಾರಸ್ಯವಾದುದೇ. ಮೂಲ ನಿಯಮಾವಳಿಯ ಪ್ರಕಾರ ತೋರುವ ಹೆಸರಿನಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ಚುಕ್ಕೆ ಬರುವಂತಿಲ್ಲ. ಜನ ಕೇಳಲಿಲ್ಲ, ಬರೆಯುತ್ತಲೇ ಹೋದರು. ಕೊನೆಗೆ 2001ರ ಪರಿಷ್ಕರಣದಲ್ಲಿ, ಹೆಸರಿನ ಮೊದಲಕ್ಷರಗಳಿಗಾಗಿ ಚುಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವುದರಿಂದ ಓದುವ ಯಂತ್ರಗಳು ಅದನ್ನು ಅರ್ಥಮಾಡಿಕೊಳ್ಳಲೇಬೇಕೆಂದು ಸೇರಿಸಬೇಕಾಯಿತು. ಊರು, ತಂದೆ, ಮನೆತನಗಳನ್ನೆಲ್ಲ ಚುಕ್ಕೆಗಳಲ್ಲಿ ಅಡಗಿಸಿಕೊಂಡು ತಿರುಗುವ ನಾವು ಇದಕ್ಕೆ ಕೃತಜ್ಞರಾಗಿರಬೇಕು. ಮೇಲೆ ಹೇಳಿದ ಪೈಥಾನಿನ ವಸ್ತುವಾದರೋ, ಹೆಸರಿನಲ್ಲಿ ಚುಕ್ಕೆ ಅಥವಾ ಅಲ್ಪವಿರಾಮ ಕಂಡರೆ ಪತ್ರಕ್ಕೆ ಬರೆಯುವಾಗ ತಾನಾಗಿಯೇ ಉದ್ಧರಣ ಚಿಹ್ನೆಗಳನ್ನು ತೊಡಿಸುತ್ತದೆ.

ಕನ್ನಡ ಲಿಪಿಯ ಹೆಸರಿಗೆ ಬೇರೆಯೇ ವೇಷ. 1996ರ ನಿಯಮದಂತೆ ಅದನ್ನು ರೋಮನ್ ಅಕ್ಷರಗಳ ಸಂಕೇತಕ್ಕೆ ಇಳಿಸಿ ಕಳುಹಿಸುವುದು ವಾಡಿಕೆ. ‘ಬಸವರಾಜ’ ಎಂಬುದರಲ್ಲಿ ‘ರಾ’ದ ಇಳಿಯೂ ಸೇರಿ 6 ಸಂಕೇತಗಳು, ಅವಕ್ಕೆ 18 ಬೈಟುಗಳು, ಅವು ಮಾರ್ಪಟ್ಟು 24 ರೋಮನ್ ಅಕ್ಷರಗಳು. ಒಂದು ಸಂಕೇತಪದ 75 ಅಕ್ಷರಗಳನ್ನು ಮೀರಬಾರದಾದುದರಿಂದ ಉದ್ದನೆಯ ಹೆಸರುಗಳು ತುಂಡಾಗಿ ಪಯಣಿಸಿ, ತಲಪಿದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. @ ಚಿಹ್ನೆಯ ಹಿಂದೆಯೂ ಕನ್ನಡವನ್ನೇ ಬರೆಯಲು 2012ರ ನಿಯಮಗಳು ಅವಕಾಶ ಕೊಟ್ಟಿವೆ. ಮುಂದಿನ ಭಾಗಕ್ಕೆ ಕನ್ನಡ ಲಿಪಿಯ ‘ಭಾರತ’ವೆಂಬ ವಲಯನಾಮವೂ ಇದೆ. ಆದರೂ ಅಂಥ ವಿಳಾಸವನ್ನು ಕಂಡೊಡನೆ ಅಸಿಂಧುವೆಂದು ಹಿಂದಿರುಗಿಸುವ ಅರ್ಜಿನಮೂನೆಗಳು ಇಂದಿಗೂ ಅನೇಕ. ಇದು ನನಗೆ ಸರಿತೋರುವುದಿಲ್ಲ. @ ಚಿಹ್ನೆಯ ಹಿಂದಿನ ಭಾಗದ ಅರ್ಥವನ್ನು ನಿರ್ಣಯಿಸುವ ಅಧಿಕಾರವನ್ನು ನಿಯಮಾವಳಿಯು ಪತ್ರ ತಲಪುವ ಮನೆಗೆ ಬಿಟ್ಟಿದೆ. ದಾರಿಯಲ್ಲಿರುವವರ ಕೆಲಸ ಅದನ್ನು ಮುಟ್ಟಿಸುವುದಷ್ಟೆ.

ಶಾಲೆಯ ವಿಳಾಸಪಟ್ಟಿಯನ್ನು ಈಗ ಹೊಸದಾಗಿ ಸಿದ್ಧಪಡಿಸುತ್ತಿದ್ದೇವೆ. ಹೆಸರಿಗೆ ಒಂದು ಅಂಕಣ, ಈಮೇಲ್ ವಿಳಾಸಕ್ಕೆ ಇನ್ನೊಂದು. ಹೆಸರನ್ನು ನಿಮಗೆ ರೂಢಿಯಿರುವಂತೆ, ಚುಕ್ಕೆ ಅಲ್ಪವಿರಾಮಗಳೊಡನೆ, ಕನ್ನಡದಲ್ಲಿಯೇ ಬರೆಯಬಹುದು. ಗಣಿತದ ಗುರುಗಳ ಹೆಸರನ್ನು ಅವರು ಬರೆಯುವ ಕ್ರಮದಲ್ಲಿಯೇ ಮೊದಲನೆಯ ಸಾಲಿನಲ್ಲಿ ಸೇರಿಸಿದ್ದೇನೆ.