ಹೊರೆ ಹೊತ್ತು ಓಡುವವನ ಬೆಲೆ

ಸಂತೆಯಿಂದ ಹೊಸ ಎತ್ತನ್ನು ಹೊಡೆದುಕೊಂಡು ಬಂದವನ ಮನೆಯ ಮುಂದೆ ಅಂದಿನ ಸಂಜೆ ನಾಲ್ಕು ಮಂದಿ ನೆರೆಯದೆ ಇರುವುದಿಲ್ಲ. ಒಬ್ಬರು ಹಲ್ಲು ನೋಡುವರು. ಒಬ್ಬರು ಸುಳಿ ನೋಡುವರು. ಮತ್ತೊಬ್ಬರು ಗೊರಸನ್ನು ಮುಟ್ಟಿ ನೋಡಿ, ಏನೂ ಹೇಳದೆ ತಲೆಯಾಡಿಸುವರು. ಕೊಂಡವನು ಕೆಟ್ಟನೋ ಕೊಟ್ಟವನು ಕೆಟ್ಟನೋ ಎಂಬ ವಾದವು ದೀಪ ಹಚ್ಚುವ ಹೊತ್ತಾದರೂ ತೀರದು. ಎತ್ತಿನ ವಿಷಯದಲ್ಲಿ ಇದು ಸಹಜವೇ. ಆದರೆ ಮನುಷ್ಯನೊಬ್ಬನ ವಿಷಯದಲ್ಲಿಯೂ ಇದೇ ಬಗೆಯ ವಾದವು ವರ್ಷಗಟ್ಟಲೆ ನಡೆಯುವುದುಂಟು. ಅಮೆರಿಕಾ ದೇಶದ ಫುಟ್‌ಬಾಲ್ ಆಟವನ್ನು ದೂರದಿಂದ ನೋಡುತ್ತ ಬಂದಿರುವ ನಮ್ಮ ಮನಸ್ಸನ್ನು ಆಟಕ್ಕಿಂತಲೂ ಹೆಚ್ಚಾಗಿ ಸೆಳೆದಿರುವುದು ಅಲ್ಲಿನ ಅಭಿಮಾನಿಗಳ ಈ ವಾದವೇ. ಅದನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ಬಯಸಿದ್ದೇವೆ.

ಆ ಆಟವು ನಮ್ಮವರು ಕಾಲಿನಿಂದ ಒದೆದು ಆಡುವ ಫುಟ್‌ಬಾಲ್ ಅಲ್ಲ. ಎರಡು ಕಡೆಯಲ್ಲಿಯೂ ಹನ್ನೊಂದು ಮಂದಿ. ಮುಂದೆ ನೂರು ಗಜದ ಬಯಲು. ಚೆಂಡು ಕೈಯಲ್ಲಿರುವ ಪಕ್ಷಕ್ಕೆ ನಾಲ್ಕು ಸಲ ಅವಕಾಶ; ಅಷ್ಟರೊಳಗೆ ಹತ್ತು ಗಜ ಮುಂದುವರಿಯಬೇಕು, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ಮುಂದುವರಿಯುವುದಕ್ಕೆ ದಾರಿ ಎರಡು: ಚೆಂಡನ್ನು ಎಸೆದು ಮುಂದಿರುವವನ ಕೈಗೆ ಮುಟ್ಟಿಸುವುದು ಒಂದು, ಅದನ್ನು ಎದೆಗವಚಿಕೊಂಡು ಜನರ ನಡುವೆ ನುಗ್ಗಿ ಓಡುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ನಿಂತವನೇ ರನ್ನಿಂಗ್ ಬ್ಯಾಕ್. ಕಬಡ್ಡಿಯಲ್ಲಿ ಒಬ್ಬನ ಮೇಲೆ ಏಳು ಮಂದಿ ಬೀಳುವುದನ್ನು ಕಂಡವರಿಗೆ ಇವನ ಪಾಡನ್ನು ಊಹಿಸುವುದು ಕಷ್ಟವಲ್ಲ. ಇವನಿಗೆ ಅದು ಒಂದೇ ಆಟದಲ್ಲಿ ಇಪ್ಪತ್ತು ಸಲ ಒದಗಬಹುದಾದ ಅನುಭವ.

ತಂಡಗಳು ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಈ ವ್ಯಾಪಾರದಲ್ಲಿ ಸಲ್ಲುವ ನಾಣ್ಯವೆಂದರೆ ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯ ಸರದಿ. ಕಾಲೇಜುಗಳಿಂದ ಬರುವ ತರುಣರನ್ನು ತಂಡಗಳು ಸುತ್ತು ಸುತ್ತಾಗಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಇಂದಿನ ಆಟಗಾರನನ್ನು ಕೊಟ್ಟು ನಾಳಿನ ಸರದಿಯನ್ನು ಪಡೆಯುವುದೆಂದರೆ, ಫಲ ಬಿಟ್ಟ ಮರವನ್ನು ಕೊಟ್ಟು ಬಿತ್ತನೆಯ ಬೀಜವನ್ನು ಕೊಂಡಂತೆ. ಮರ ಒಣಗಬಹುದು; ಬೀಜ ಮೊಳೆಯದೆ ಹೋಗಬಹುದು. ವಾದಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಕೆ?

1989ನೆಯ ಇಸವಿ ಅಕ್ಟೋಬರ್ ತಿಂಗಳಿನಲ್ಲಿ ಡಲ್ಲಾಸ್ ನಗರದ ಕೌಬಾಯ್ಸ್ ತಂಡವು ಹರ್ಷಲ್ ವಾಕರ್ ಎಂಬ ಪ್ರಖ್ಯಾತ ಓಟಗಾರನನ್ನು ಮಿನ್ನೆಸೋಟದ ವೈಕಿಂಗ್ಸ್ ತಂಡಕ್ಕೆ ಕೊಟ್ಟಿತು. ಹಿಂದಿನ ವರ್ಷ 1,514 ಗಜ ಓಡಿದ್ದವನು ಆತ. ಪ್ರತಿಯಾಗಿ ಡಲ್ಲಾಸಿಗೆ ಬಂದವರು ಐವರು ಆಟಗಾರರು. ಜೊತೆಗೆ ಮುಂದಿನ ಮೂರು ವರ್ಷಗಳ ಮೊದಲ ಮತ್ತು ಎರಡನೆಯ ಸುತ್ತಿನ ಸರದಿಗಳೂ ಸೇರಿದಂತೆ ಹಲವು ಸರದಿಗಳು. ಹೊಸ ತಂಡದ ಪರವಾಗಿ ಆಡಿದ ಮೊದಲ ದಿನವೇ ವಾಕರ್ 148 ಗಜ ಓಡಿದನು. ಒಂದು ಓಟದಲ್ಲಿ ಕಾಲಿನ ಪಾದರಕ್ಷೆ ಕಳಚಿಹೋದರೂ ನಿಲ್ಲಲಿಲ್ಲ. ಕೊಂಡವರು ಗೆದ್ದರೆಂದು ಆ ದಿನ ಯಾರಿಗೆ ತೋರದೆ ಇದ್ದೀತು? ಡಲ್ಲಾಸ್ ತಂಡವಾದರೋ ಆ ವರ್ಷ ಹದಿನಾರು ಆಟಗಳಲ್ಲಿ ಒಂದನ್ನು ಮಾತ್ರ ಗೆದ್ದಿತು.

ಮುಂದಿನ ಕಥೆ ಬೇರೆಯಾಯಿತು. ಮಿನ್ನೆಸೋಟದಲ್ಲಿದ್ದಷ್ಟು ಕಾಲ ವಾಕರನು ಒಂದು ವರ್ಷದಲ್ಲಿಯೂ ಸಾವಿರ ಗಜವನ್ನು ಮುಟ್ಟಲಿಲ್ಲ. ಅತ್ತ ಡಲ್ಲಾಸಿನ ಶಿಕ್ಷಕ ಜಿಮ್ಮಿ ಜಾನ್ಸನ್ ತನಗೆ ಬಂದ ಸರದಿಗಳನ್ನು ಜಾಣ್ಮೆಯಿಂದ ಬಳಸಿ ತಂಡವನ್ನು ಕಟ್ಟಿದನು. 1993, 1994 ಮತ್ತು 1996ರ ಜನವರಿ ತಿಂಗಳುಗಳಲ್ಲಿ ಆ ತಂಡ ಸೂಪರ್ ಬೌಲ್ ಎಂಬ ಅಂತಿಮ ಸ್ಪರ್ಧೆಯನ್ನು ಗೆದ್ದಿತು. ಅಂದಿನಿಂದ ಓಟಗಾರನಿಗೆ ಹೆಚ್ಚು ಬೆಲೆ ತೆರುವವನನ್ನು ಕಂಡರೆ ಅಭಿಮಾನಿಗಳು ವಾಕರನ ಹೆಸರೆತ್ತದೆ ಬಿಡರು. ಆದರೆ ಅವರು ಅಷ್ಟಾಗಿ ಹೇಳದ ಸಂಗತಿಯೊಂದುಂಟು. ಹಾಗೆ ಬಂದ ಸರದಿಗಳಲ್ಲೊಂದನ್ನು ಮುಂದಿಟ್ಟು 1990ರಲ್ಲಿ ಡಲ್ಲಾಸ್ ಆರಿಸಿಕೊಂಡ ತರುಣ ಎಮ್ಮಿಟ್ ಸ್ಮಿತ್ ಕೂಡ ಓಟಗಾರನೇ. ವೃತ್ತಿಯ ಕೊನೆಗೆ ಅವನು 18,355 ಗಜ ಓಡಿದ್ದನು; ಆ ದಾಖಲೆಯನ್ನು ಮೀರಿದವರಿಲ್ಲ. ಓಟಗಾರನಿಗೆ ಬೆಲೆಯಿಲ್ಲವೆಂಬ ವಾದಕ್ಕೆ ಎತ್ತಿದ ಸಾಕ್ಷಿಯೇ ಹೀಗೆ ಎದುರು ಪಕ್ಷಕ್ಕೆ ಸೇರಿಕೊಂಡಿತು.

ಅಭಿಮಾನಿಗಳಲ್ಲಿ ಎರಡು ಪಂಗಡಗಳಿವೆ. ಮೊದಲನೆಯವರು ಲೆಕ್ಕದವರು. ಓಟಗಾರನು ಓಡುವ ಗಜಗಳಲ್ಲಿ ಅರ್ಧಕ್ಕೂ ಮಿಕ್ಕು ಅವನ ಮುಂದೆ ನಿಂತು ದಾರಿ ಬಿಡಿಸುವ ಐವರು ಭಾರಿ ಆಳುಗಳ ಸಂಪಾದನೆಯೆಂದು ಅವರ ಮತ. 1978ರಲ್ಲಿ ನಿಯಮಗಳು ಬದಲಾಗಿ ಚೆಂಡನ್ನು ಎಸೆದು ಹಿಡಿಯುವುದು ಸುಲಭವಾಯಿತು. ಓಟದ ಪ್ರಾಶಸ್ತ್ಯ ಕ್ರಮೇಣ ತಗ್ಗಿತು. 2013 ಮತ್ತು 2014ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಯಾವ ತಂಡವೂ ಓಟಗಾರನನ್ನು ಆರಿಸಲಿಲ್ಲ. ಪೆಟ್ಟು ತಿಂದ ಮೈ ಬೇಗ ಸವೆಯುವುದೂ ನಿಜವೇ. 2013ರಲ್ಲಿ ಇಂಡಿಯಾನಾಪೊಲಿಸ್ ತಂಡವು ಟ್ರೆಂಟ್ ರಿಚರ್ಡ್‌ಸನ್ ಎಂಬ ತರುಣನಿಗೆ ಮೊದಲ ಸುತ್ತಿನ ಸರದಿಯನ್ನೇ ತೆತ್ತಿತು. ಅಲ್ಲಿ ಆ ವರ್ಷ ಅವನು ಒಂದು ಓಟಕ್ಕೆ ಸರಾಸರಿ ಮೂರು ಗಜವನ್ನೂ ಓಡಲಿಲ್ಲ.

ಎರಡನೆಯವರು ಕಣ್ಣಾರೆ ಕಂಡದ್ದನ್ನು ನಂಬುವವರು. ಅವರು ಮಾರ್ಷಾನ್ ಲಿಂಚ್‌ನ ಹೆಸರು ಹೇಳುತ್ತಾರೆ. 2010ರಲ್ಲಿ ಬಫಲೋ ತಂಡವು ಅವನನ್ನು ಕೆಳಸುತ್ತಿನ ಎರಡು ಸರದಿಗಳಿಗೆ ಸಿಯಾಟಲ್ ತಂಡಕ್ಕೆ ಬಿಟ್ಟುಕೊಟ್ಟಿತು. ಮೂರು ತಿಂಗಳು ಕಳೆಯಿತೋ ಇಲ್ಲವೋ, 2011ರ ಜನವರಿ 8ರಂದು ಅವನು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಕೊಡವಿಕೊಂಡು 67 ಗಜ ಓಡಿದಾಗ ಪ್ರೇಕ್ಷಕರ ಕುಣಿದಾಟದಿಂದ ನೆಲ ಅದುರಿತು; ಸಮೀಪದ ಭೂಕಂಪಮಾಪಕದಲ್ಲಿ ಆ ಅದುರು ದಾಖಲಾಯಿತು. 2014ರಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಿತು.

ಈ ಎರಡು ಪಂಗಡಗಳೂ ಮುಖಾಮುಖಿಯಾದದ್ದು 2022ರ ಅಕ್ಟೋಬರಿನಲ್ಲಿ. ಕ್ಯಾರೊಲಿನಾ ತಂಡದ ಕ್ರಿಶ್ಚಿಯನ್ ಮೆಕ್ಯಾಫ್ರಿಗೆ ಸ್ಯಾನ್ ಫ್ರಾನ್ಸಿಸ್ಕೊ ತಂಡವು ನಾಲ್ಕು ಸರದಿಗಳನ್ನು ತೆತ್ತಿತು. ಅವನು 2020 ಮತ್ತು 2021ರ ಮೂವತ್ತಮೂರು ಆಟಗಳಲ್ಲಿ ಪೆಟ್ಟಿನ ದೆಸೆಯಿಂದ ಹತ್ತರಲ್ಲಿ ಮಾತ್ರ ಆಡಿದ್ದನು. ಲೆಕ್ಕದವರು ನಕ್ಕರು. ಹತ್ತು ದಿನಗಳೊಳಗಾಗಿ ಅವನು ಒಂದೇ ಆಟದಲ್ಲಿ ಓಡಿ ಒಮ್ಮೆ, ಹಿಡಿದು ಒಮ್ಮೆ, ತಾನೇ ಎಸೆದು ಒಮ್ಮೆ, ಹೀಗೆ ಮೂರು ಬಗೆಯಲ್ಲಿಯೂ ತಂಡಕ್ಕೆ ಅಂಕ ತಂದನು. 2023ರಲ್ಲಿ 1,459 ಗಜ ಓಡಿ ಎಲ್ಲರಿಗಿಂತ ಮುಂದಾದನು. ಲೆಕ್ಕದವರು ಸುಮ್ಮನಾದರು. 2024ರಲ್ಲಿ ಮತ್ತೆ ಪೆಟ್ಟು ಬಿದ್ದು ನಾಲ್ಕು ಆಟಗಳಷ್ಟೇ ದಕ್ಕಿದಾಗ ಅವರ ಬಾಯಿ ಮತ್ತೆ ತೆರೆಯಿತು. ಆಳು ಒಬ್ಬನೇ, ತೀರ್ಪು ಮಾತ್ರ ವರ್ಷಕ್ಕೊಂದು.

ಇವೆಲ್ಲವನ್ನೂ ನೋಡಿದರೆ ನಮಗೆ ತೋರುವುದಿಷ್ಟು. ಬೆಲೆಯೆಂಬುದು ಓಟಗಾರನ ಮೈಯೊಳಗೆ ಹುದುಗಿರುವ ಗಟ್ಟಿ ವಸ್ತುವಲ್ಲ. ಸೋತ ಮನೆಯಲ್ಲಿ ಅವನು ವೆಚ್ಚ. ಕಟ್ಟಿ ಮುಗಿಯುತ್ತ ಬಂದ ಮನೆಯಲ್ಲಿ ಅವನೇ ಕಳಶ. 1989ರ ಡಲ್ಲಾಸಿಗೆ ವಾಕರ್ ಬೇಕಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಡಲ್ಲಾಸಿಗೆ ಸ್ಮಿತ್ ಇಲ್ಲದೆ ನಡೆಯುವಂತಿರಲಿಲ್ಲ. ಹಾಗಿರುವಾಗ ಇಂಥವನ ಬೆಲೆ ಇಷ್ಟೆಂದು ಒಂದೇ ಮಾತಿನಲ್ಲಿ ಹೇಳಹೊರಡುವ ಎರಡು ಪಂಗಡದವರೂ ಮನೆಯನ್ನು ನೋಡದೆ ಕಂಬವನ್ನು ಮಾತ್ರ ಅಳೆಯುತ್ತಿದ್ದಾರೆ.

ಇನ್ನೊಂದು ಮಾತು. ಅವನ ವಯಸ್ಸು, ಸಂಬಳ, ಗಜ ಎಲ್ಲಕ್ಕೂ ಈ ಲೆಕ್ಕಗಳಲ್ಲಿ ಅಂಕಣವುಂಟು; ಅವನು ತಿಂದ ಪೆಟ್ಟುಗಳಿಗೆ ಜಮೆಯ ಕಡೆ ಜಾಗವಿಲ್ಲ, ವಜಾ ಮಾಡುವುದಕ್ಕೆ ಮಾತ್ರ ಅವು ಬೇಕು. ಈಗಾಗಲೇ ಇಷ್ಟು ಸವೆದಿದ್ದಾನೆ, ಆದುದರಿಂದ ಬೆಲೆ ಇಳಿಯಲಿ ಎನ್ನುವರು. ಸವೆದದ್ದು ಯಾರ ಹೊರೆಯನ್ನು ಹೊತ್ತು? ಈ ಪ್ರಶ್ನೆಯನ್ನು ಕೇಳುವುದಕ್ಕೆ ಅಮೆರಿಕಾದವರೆಗೆ ಹೋಗಬೇಕಾಗಿಲ್ಲ. ಅಂಗಡಿಯ ಹಳೆಯ ಗುಮಾಸ್ತನನ್ನು ಕುರಿತು, ಎಲ್ಲರ ಬಾಣಂತನ ಮಾಡಿ ಸೊಂಟ ಬಗ್ಗಿದ ಅತ್ತೆಯನ್ನು ಕುರಿತು ನಮ್ಮ ಮನೆಗಳಲ್ಲಿಯೂ ತಗ್ಗಿದ ದನಿಯಲ್ಲಿ ಇಂಥ ಲೆಕ್ಕ ನಡೆಯುತ್ತದೆ. ಅವರಿಂದ ಮುಂದೆ ಏನು ಬಂದೀತು ಎಂದು ಕೇಳುವುದು ವ್ಯವಹಾರಕ್ಕೆ ಅಗತ್ಯವಿರಬಹುದು. ಅದೊಂದನ್ನೇ ಕೇಳುವುದು ಕೃತಘ್ನತೆ.

ಆ ಆಟದವರಲ್ಲಿ ಒಂದು ಒಳ್ಳೆಯ ವಾಡಿಕೆಯಿದೆ. ಹೆಸರು ಪಡೆದ ಓಟಗಾರನು ವರ್ಷದ ಕೊನೆಗೆ ತನ್ನ ಮುಂದೆ ನಿಂತು ದಾರಿ ಬಿಡಿಸಿದವರಿಗೆ ತನ್ನ ಗಳಿಕೆಯಿಂದ ಉಡುಗೊರೆ ಕೊಡುವುದುಂಟು. ಯಾರ ಪಾಲು ಎಷ್ಟೆಂದು ಅಭಿಮಾನಿಗಳು ಇನ್ನೂ ವಾದಿಸುತ್ತಿರುವಾಗ, ಪೆಟ್ಟು ತಿಂದವನು ತನ್ನ ಲೆಕ್ಕವನ್ನು ತೀರಿಸಿ ಮನೆಗೆ ಹೋಗಿರುತ್ತಾನೆ.