ವೇಷ ಬದಲಿಸುವ ಸಾಲುಗಳು

ಬೆಂಗಳೂರಿನಲ್ಲಿ ಮೊಬೈಲ್ ತಂತ್ರಾಂಶ ರಚಿಸುವ ನನ್ನ ಹಳೆಯ ಶಿಷ್ಯನೊಬ್ಬನು ಗುರುದಕ್ಷಿಣೆಯೆಂದು ನನಗೊಂದು ಹಾಜರಿ ಪಟ್ಟಿಯನ್ನು ಮಾಡಿಕೊಟ್ಟನು. 90 ಹೆಸರುಗಳು, ಬೆರಳಿನಿಂದ ಸರಿಸಿದರೆ ಸರಸರನೆ ಓಡುವುವು. ಹಿಗ್ಗಿದೆ. ಪರೀಕ್ಷೆ ಸಮೀಪಿಸಿದಾಗ ಹಿಗ್ಗು ಇಳಿಯಿತು. ಒಂದು ದಿನವೂ ತಪ್ಪದೆ ಮುಂದಿನ ಬೆಂಚಿನಲ್ಲಿ ಕೂರುವ ಹುಡುಗಿ ಕಣ್ಣೀರು ತುಂಬಿ ಬಂದಳು: "ಸಾರ್, ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸುವುದಿಲ್ಲವಂತೆ."

ಶಿಷ್ಯನನ್ನು ಕರೆಸಿದೆ. ಪರದೆಯಲ್ಲಿ ಒಮ್ಮೆಗೆ ಕಾಣುವಷ್ಟು, ಹತ್ತು ಹನ್ನೆರಡು ಸಾಲುಗಳನ್ನು ಮಾತ್ರ ಯಂತ್ರವು ನಿಜವಾಗಿ ಕಟ್ಟುವುದಂತೆ. ಮೇಲೆ ಮರೆಯಾದ ಸಾಲೇ ಹೊಸ ಹೆಸರು ತೊಟ್ಟು ಕೆಳಗಿನಿಂದ ಮೂಡುವುದು, ನಾಟಕದ ಕಂಪನಿಯಲ್ಲಿ ಬಾಗಿಲ ಭಟನೇ ವೇಷ ಬದಲಿಸಿ ಮಂತ್ರಿಯಾಗಿ ಬರುವಂತೆ. ಇಲ್ಲವಾದರೆ ಸಾವಿರಾರು ಹೆಸರಿನ ಪಟ್ಟಿಯು ಭಾರಕ್ಕೆ ಕುಂಟುವುದು. ಗೂಗಲ್ 2014ರಲ್ಲಿ ಹೊರತಂದ ರೀಸೈಕ್ಲರ್‌ವ್ಯೂ ಮಾಡುವುದೂ ಇದನ್ನೇ.

"ಅದರ ಮೇಲೆ ನನ್ನದೇ ಪಟ್ಟಿ ಕಟ್ಟಿದೆ, ಸಾರ್. ಗುರುತನ್ನು ಹೆಸರಿನ ಲೆಕ್ಕಕ್ಕೆ ಬರೆಯದೆ ಸಾಲಿಗೆ ಅಂಟಿಸಿಬಿಟ್ಟೆ. ಸಾಲಿನೊಡನೆ ಅದೂ ಬೇರೆಯವರ ಪಾಲಾಯಿತು."

ಭಟನು ಈಟಿ ಹಿಡಿದೇ ಮಂತ್ರಿಯಾಗಿ ಬಂದನೆನ್ನಿ! ನಾನು ನಕ್ಕೆ, ಮರುದಿನ ಇದನ್ನು ಕೇಳಿದ ಹುಡುಗಿ ನಗಲಿಲ್ಲ. ತಪ್ಪು ನನ್ನದೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಅವಳು ಪರೀಕ್ಷೆಗೆ ಕೂತಳು. ಶಿಷ್ಯನು ಪಟ್ಟಿಯನ್ನು ತಿದ್ದಿದನು. ಆದರೂ ಈಗ ಕೊನೆಯ ಹೆಸರಿನವರೆಗೆ ಹೋಗಿ, ಮತ್ತೆ ಮೊದಲಿಗೆ ಬಂದು, ಗುರುತುಗಳು ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡದೆ ಫೋನನ್ನು ಜೇಬಿಗಿಡೆನು.